ಹೊಲಿದವಳ ಹೆಸರಿಗೊಂದು ಜಾಗ

ನಮ್ಮ ಕಡೆ ಕೌದಿಗೆ ಹೊಲಿದವಳ ಹೆಸರಿರುವುದಿಲ್ಲ. ಯಾರ ಮನೆಯ ಹಳೆ ಸೀರೆ, ಹಳೆ ಧೋತರ ಅದರೊಳಗೆ ಹೋಗಿದೆಯೋ ಅದು ಅವರ ಕೌದಿ. ಇದು ಯಾರದು ಎಂದು ಕೇಳಿದರೆ ದೇವದುರ್ಗದವರದು ಎಂದೋ ಜಾಲಹಳ್ಳಿಯವರದು ಎಂದೋ ಉತ್ತರ ಬರುತ್ತದೆ. ಹೊಲಿದ ಕೈ ಯಾವುದು ಎಂದು ಯಾರೂ ಕೇಳುವುದಿಲ್ಲ. ಐವತ್ತು ದಾಟುವ ತನಕ ನಾನೂ ಕೇಳಿರಲಿಲ್ಲ. ಕೌದಿಗಳ ಮೇಲೆಯೇ ಒಂದು ಬ್ಲಾಗ್ ಮಾಡಿ ನಾಲ್ಕು ವರ್ಷ ನಡೆಸಿದರೂ ಕೇಳಿರಲಿಲ್ಲ.

ರಾಯಚೂರಿನಲ್ಲಿ ಒಂದು ಪ್ರಿಂಟಿಂಗ್ ಅಂಗಡಿಯಲ್ಲಿ ನಾನು ಡಿಟಿಪಿ ಕೆಲಸ ಮಾಡುತ್ತೇನೆ. ಲಗ್ನಪತ್ರಿಕೆ, ತೊಟ್ಟಿಲ ಕಾರ್ಡು, ರೈಸ್ ಮಿಲ್ಲಿನ ಚೀಲದ ಮೇಲಿನ ಅಕ್ಷರ, ಇಂಥವೇ. ಸೀಸನ್ ಇಲ್ಲದಾಗ ಅಂಗಡಿಯ ಕಂಪ್ಯೂಟರಿನಲ್ಲಿ ವೆಬ್‌ಸೈಟ್ ಮಾಡುವುದನ್ನು ನೋಡಿ ನೋಡಿ ಕಲಿತೆ. ಕೋಡ್ ಎಂದರೆ ನನಗೆ ಹೆದರಿಕೆ ಬರಲಿಲ್ಲ. ಒಂದು ಚುಕ್ಕೆ ತಪ್ಪಿದರೆ ಸಾವಿರ ಪತ್ರಿಕೆ ಹಾಳಾಗುವ ಕಸುಬು ನನ್ನದು. ಸಾಲು ಸಾಲಾಗಿ ಓದುವುದು, ಪ್ರೂಫ್ ತಿದ್ದುವುದು ಕೈಗೆ ಕೂತುಬಿಟ್ಟಿತ್ತು.

ಬ್ಲಾಗಿಗೆ ಮೂಲ ನನ್ನ ವಹಿ. ಮದುವೆಯಾದ ವರ್ಷದಿಂದ ದಿನಾ ನಾಲ್ಕು ಸಾಲು ಬರೆಯುತ್ತೇನೆ. ಇವತ್ತು ಏನು ಪಲ್ಯ, ಯಾರು ಬಂದರು, ಹಿಟ್ಟಿನ ಗಿರಣಿ ಎಷ್ಟು ಹೊತ್ತಿಗೆ ಶುರುವಾಯಿತು, ಯಾವ ಸೀರೆ ಎಲ್ಲಿ ಹರಿಯಿತು. ನನ್ನ ಗಂಡ ಬಸ್ ಡಿಪೋದಲ್ಲಿ ಕೆಲಸ ಮಾಡುತ್ತಾರೆ. ಅವರಿಗೆ ಈ ವಹಿಯ ಮೇಲೆ ಸದಾ ಒಂದು ಕಣ್ಣು. "ಊರ ಮಂದಿ ರಾಜರ ಇತಿಹಾಸ ಬರದ್ರ ಇಕಿ ಸೀರಿ ಇತಿಹಾಸ ಬರ್ಯಾಕತ್ಯಾಳ" ಎಂದು ಬಂದವರ ಮುಂದೆಲ್ಲ ಹೇಳುತ್ತಾರೆ.

ಒಂದು ವರ್ಷ ಯುಗಾದಿಗೆ ಮುಂಚೆ ಮನೆಯ ಕೌದಿಗಳನ್ನೆಲ್ಲ ಒಗೆದು ಮಾಳಿಗೆಯ ಮೇಲೆ ಒಣಹಾಕಿದ್ದೆ. ಬಿಸಿಲಿಗೆ ಹಳೆಯ ಬಣ್ಣಗಳೆಲ್ಲ ಎದ್ದು ಬಂದಂತೆ ಕಾಣಿಸಿದವು. ಫೋನ್ ತಂದು ಫೋಟೋ ತೆಗೆದೆ. ವಹಿ ತೆಗೆದು ನೋಡಿದರೆ ಹೆಚ್ಚುಕಡಿಮೆ ಪ್ರತಿ ತುಣುಕಿಗೂ ಒಂದು ಸಾಲು ಸಿಕ್ಕಿತು. ಈ ಹಸಿರು ಅವ್ವ ನನ್ನ ಸೀಮಂತಕ್ಕೆ ಉಟ್ಟದ್ದು, ಈ ಕೆಂಪಂಚು ಮಾನ್ವಿಯ ಜವಳಿ ಅಂಗಡಿಯಿಂದ ತಂದದ್ದು. ಒಂದು ಕೌದಿಗೆ ಒಂದು ಬರಹದಂತೆ ಹಾಕುತ್ತ ಹೋದೆ. ಬಂಧುಗಳು ತಮ್ಮ ತಮ್ಮ ಮನೆಯ ಕೌದಿಗಳ ಫೋಟೋ ಕಳಿಸತೊಡಗಿದರು. ವರ್ಷದೊಳಗೆ ಬ್ಲಾಗ್ ತುಂಬಿತು.

ತುಂಬಿದ ಮೇಲೆ ವಿಂಗಡಿಸಬೇಕಲ್ಲ. ಬ್ಲಾಗಿನ ಪ್ರೋಗ್ರಾಮಿನಲ್ಲಿ ವರ್ಗ ಎಂದು ಒಂದು ವ್ಯವಸ್ಥೆ ಇರುತ್ತದೆ. ಪ್ರತಿ ಬರಹವನ್ನೂ ಒಂದು ವರ್ಗಕ್ಕೆ ಸೇರಿಸಬೇಕು. ಆ ವರ್ಗದ ಹೆಸರು ಬರಹದ ನೆತ್ತಿಯ ಮೇಲೆ ಸಣ್ಣ ಅಕ್ಷರದಲ್ಲಿ ಕಾಣುತ್ತದೆ. ಅದನ್ನು ಒತ್ತಿದರೆ ಆ ವರ್ಗದ ಬರಹಗಳೆಲ್ಲ ಒಂದೇ ಪುಟದಲ್ಲಿ ಬಂದು ನಿಲ್ಲುತ್ತವೆ. ನಾನು ಹೆಚ್ಚು ಯೋಚಿಸಲಿಲ್ಲ. ನಮ್ಮಲ್ಲಿ ಕರೆಯುವ ಹಾಗೆಯೇ ಮಾಡಿದೆ. ದೇವದುರ್ಗದ ಮನೆ, ಮಾನ್ವಿ ಮನೆ, ಜಾಲಹಳ್ಳಿ ಮನೆ, ರಾಯಚೂರು ಮನೆ. ಎಲ್ಲರಿಗೂ ಖುಷಿಯಾಯಿತು. ತಮ್ಮ ಮನೆಯ ಹೆಸರು ಒತ್ತಿ ನೋಡಿಕೊಂಡು ಫೋನ್ ಮಾಡುತ್ತಿದ್ದರು. ನನಗೂ ಒಳ್ಳೆಯ ಕೆಲಸ ಮಾಡಿದೆ ಎಂಬ ಹೆಮ್ಮೆ.

ಮಾನ್ವಿಯಲ್ಲಿ ನನ್ನ ಸೋದರತ್ತೆ ಇದ್ದಾಳೆ, ಅಪ್ಪನ ತಂಗಿ. ಅರವತ್ತೈದು ದಾಟಿದೆ. ಮಗ, ಸೊಸೆ, ಎರಡು ಮೊಮ್ಮಕ್ಕಳ ತುಂಬಿದ ಮನೆ. ಅವಳು ಎಡಗೈಯವಳು. ಸಣ್ಣವಳಿದ್ದಾಗ ಪಾಟಿಯ ಮೇಲೆ ಎಡಗೈಯಲ್ಲಿ ಬರೆಯುತ್ತಾಳೆಂದು ಮಾಸ್ತರು ದಿನಾ ಹೊಡೆಯುತ್ತಿದ್ದರಂತೆ. ಎರಡನೆಯ ಇಯತ್ತೆಗೆ ಶಾಲೆ ಬಿಟ್ಟಳು. ಆಮೇಲೆ ಅದೇ ಕೈಯಲ್ಲಿ ಸೂಜಿ ಹಿಡಿದಳು. ಯಾರ ಮನೆಯಲ್ಲಿ ಹಳೆ ಬಟ್ಟೆ ಗಂಟು ಕಟ್ಟಿಟ್ಟಿದ್ದಾರೋ ಆ ಮನೆಯ ಪಡಸಾಲೆಯಲ್ಲಿ ಹೋಗಿ ಕೂತು, ಎಂಟು ದಿನ ಹತ್ತು ದಿನ ಅಲ್ಲೇ ಉಂಡು, ಕೌದಿ ಮುಗಿಸಿ ಎದ್ದು ಬರುವುದು ಅವಳ ರೂಢಿ. ಕೊನೆಯ ಹೊಲಿಗೆ ಹಾಕುವ ಮುಂಚೆ ರೊಟ್ಟಿಯ ಒಂದು ಸಣ್ಣ ಚೂರನ್ನು ಒಳಗಿಟ್ಟು ಮುಚ್ಚುತ್ತಾಳೆ. ಕೌದಿಯ ಹೊಟ್ಟೆ ಖಾಲಿ ಇರಬಾರದು ಎನ್ನುವುದು ನಮ್ಮ ಮನೆತನದ ಹೆಂಗಸರ ನಂಬಿಕೆ.

ಒಂದು ಗುರುವಾರ ಮಧ್ಯಾಹ್ನ ಅತ್ತೆಯ ಫೋನ್ ಬಂತು. ನಾನು ಅಂಗಡಿಯಲ್ಲಿ ಲಗ್ನಪತ್ರಿಕೆಯೊಂದರ ಪ್ರೂಫ್ ನೋಡುತ್ತಿದ್ದೆ.

"ಯವ್ವಾ, ಕೆಲಸದಾಗ ಅದಿಯೇನು?"

"ಹೇಳತ್ತಿ, ಕೇಳಾಕತ್ತೀನಿ."

"ಅಲ್ಲಿ ನಿಮ್ಮೂರಾಗ ಹೊಲಿಗಿ ಕಲಿಸೋ ಸೆಂಟರ್ ಅದ ನೋಡು, ಅಲ್ಲಿ ಕೌದಿ ಕಲಸಾಕ ಒಬ್ಬಾಕಿನ್ನ ಹುಡಕಾಕತ್ತಾರಂತ. ನಾ ಮೊನ್ನಿ ಹೋಗಿ ಬಂದೆ."

"ರಾಯಚೂರಿಗೆ ಬಂದು ನಮ್ಮನಿಗೆ ಬರದ ಹೋದೇನು?"

"ನಿಮ್ಮನಿಗೆ ಬಂದಿದ್ರ ಮೊದಲ ಉಣ್ಣು ಅಂತಿದ್ದಿ, ಆಮ್ಯಾಲ ಮಲಕ್ಕೋ ಅಂತಿದ್ದಿ. ಅಷ್ಟೊತ್ತಿಗೆ ಸೆಂಟರ್ ಬಾಗಲಾ ಹಾಕ್ತಿದ್ರು."

ಅದು ನಿಜ.

"ಎರಡು ಕೌದಿ ಹೊತ್ಕೊಂಡು ಹೋಗಿದ್ದೆ. ಮ್ಯಾಡಮ್ ಭಾಳ ಚಲೋ ಅದಾಳ, ಚಾ ಕೊಟ್ಟು ಕುಂದ್ರಿಸಿ ಮಾತಾಡಿದ್ಲು. ಆದ್ರ ಸ್ವಂತ ಕೈಲೆ ಹೊಲದದ್ದು ಇಪ್ಪತ್ತೈದು ತೋರಸಬೇಕಂತ. ಸೋಮವಾರ ಮುಂಜಾನಿ ಹನ್ನೊಂದಕ್ಕ ಕಡೀ ಟೈಮ್. ಅಷ್ಟು ಕೌದಿ ನಾ ಎಲ್ಲಿಂದ ತರ್ಲಿ? ಹೊಲದದ್ದೆಲ್ಲಾ ಮಂದಿ ಹಾಸ್ಕೊಂಡು ಮಲಗ್ಯಾರ. ಎಬ್ಬಿಸಿ ತಗೊಂಡು ಬರ್ಲೇನು?" ಎಂದು ನಕ್ಕಳು. ಆಮೇಲೆ ಸ್ವಲ್ಪ ತಡೆದು ಹೇಳಿದಳು: "ಅಲ್ಲಿ ಕಲಸಾಕಿಗೆ ಟೀಚರ್ ಅಂತ ಕರೀತಾರಂತವ್ವಾ. ಒಂದು ಕುರ್ಚಿ ಬ್ಯಾರೇನ ಇಟ್ಟಾರ."

ಆ ಮಾತು ಹೇಳುವಾಗ ಅವಳ ದನಿ ಸಣ್ಣದಾಗಿತ್ತು. ಎರಡನೆಯ ಇಯತ್ತೆಯಲ್ಲಿ ಎದ್ದು ಹೊರಬಂದವಳು ಆ ಕೋಣೆಗೆ ಮತ್ತೆ ಹೋಗುವುದಾದರೆ ಕುರ್ಚಿಗೇ ಹೋಗುವಳು. ಅವಳಿಗೆ ಅದು ಎಷ್ಟು ಬೇಕಾಗಿತ್ತೆಂದು ನನಗೆ ತಿಳಿಯಿತು.

"ಅತ್ತಿ, ನೀ ಚಿಂತಿ ಬಿಡು. ನಿನ್ನ ಕೌದಿ ಎಲ್ಲಾ ನನ್ನ ಬ್ಲಾಗಿನಾಗ ಅದಾವ. ಫೋನಿನಾಗ ತೋರಸೋಣು" ಎಂದೆ, ಬಹಳ ಧೈರ್ಯದಿಂದ.

ಫೋನ್ ಇಟ್ಟು ಬ್ಲಾಗ್ ತೆಗೆದೆ. ಅತ್ತೆಯ ಹೆಸರು ಹಾಕಿ ಹುಡುಕಿದೆ. ಏನೂ ಸಿಗಲಿಲ್ಲ. ಮತ್ತೊಮ್ಮೆ ಹಾಕಿದೆ. ಇಲ್ಲ. ಎಪ್ಪತ್ತರ ಹತ್ತಿರ ಬರಹಗಳು, ಒಂದರಲ್ಲೂ ಅವಳ ಹೆಸರಿಲ್ಲ. ಸೀರೆ ಉಟ್ಟವರ ಹೆಸರಿದೆ, ಕೊಟ್ಟವರ ಹೆಸರಿದೆ, ಅಂಗಡಿಯ ಹೆಸರೂ ಇದೆ. ವಹಿ ತೆಗೆದು ನೋಡಿದರೆ ಅಲ್ಲೂ ಅಷ್ಟೆ. "ಇಂದು ಕೌದಿ ಮುಗಿಯಿತು, ಬಾದಾಮಿ ಬಣ್ಣದ ಸೀರೆ ನಡುವೆ ಬಂದಿದೆ." ಯಾರು ಮುಗಿಸಿದರು? ಬರೆದಿಲ್ಲ. ದಿನಾ ಪಲ್ಯ ಬರೆಯುವ ಕೈ ಇದನ್ನು ಬಿಟ್ಟಿತ್ತು. ಆ ಮಧ್ಯಾಹ್ನ ಪ್ರೂಫಿನಲ್ಲಿ ಮದುಮಗಳ ಹೆಸರನ್ನೇ ಬಿಟ್ಟು ಅಚ್ಚು ಹಾಕಿಸಿದವಳಂತೆ ಕೂತೆ.

ಶುಕ್ರವಾರ ಬೆಳಿಗ್ಗೆ ಅಂಗಡಿಗೆ ಹೋಗುವ ಮುಂಚೆ ಹೊಸದೊಂದು ವರ್ಗ ಮಾಡಿದೆ. ಅತ್ತೆಯ ಹೆಸರನ್ನೇ ಇಟ್ಟೆ. ಉಳಿಸಿ, ಬ್ಲಾಗ್ ತೆಗೆದರೆ ವರ್ಗಗಳ ಪಟ್ಟಿಯಲ್ಲಿ ಅದು ಕಾಣಲಿಲ್ಲ. ಒಂದು ಕ್ಷಣ ಗಾಬರಿಯಾದರೂ ಕಾರಣ ಹೊಳೆಯಿತು: ಒಳಗೆ ಒಂದೂ ಬರಹವಿಲ್ಲದ ವರ್ಗವನ್ನು ಪ್ರೋಗ್ರಾಮ್ ಹೊರಗೆ ತೋರಿಸುವುದಿಲ್ಲ. ಅತ್ತೆಗೆ ಫೋನಿನಲ್ಲಿ ಹೇಳಿದೆ. ಅವಳಿಗೆ ಕೋಡ್ ತಿಳಿಯದಿದ್ದರೂ ಇದು ತಿಳಿಯಿತು.

"ಹೊಟ್ಟಿ ಖಾಲಿ ಇಟ್ಕೊಂಡು ಯಾರು ಮಂದ್ಯಾಗ ಬರ್ತಾರ? ಮೊದಲ ರೊಟ್ಟಿ ಹಾಕು ಅದಕ್ಕ" ಎಂದಳು.

ರೊಟ್ಟಿ ಹಾಕಬೇಕೆಂದರೆ ಯಾವ ಕೌದಿ ಅವಳದು ಎಂದು ಗೊತ್ತಿರಬೇಕು. ನಮ್ಮ ಬಂಧುಬಳಗದಲ್ಲಿ ಹೊಲಿಯುವ ಕೈ ನಾಲ್ಕಾರು ಇದ್ದವು. ಶನಿವಾರ ಅರ್ಧ ದಿನದ ರಜೆ ಕೇಳಿ, ಲ್ಯಾಪ್‌ಟಾಪ್ ಚೀಲಕ್ಕೆ ಹಾಕಿಕೊಂಡು ಮಾನ್ವಿ ಬಸ್ ಹತ್ತಿದೆ.

ಅತ್ತೆ ಕನ್ನಡಕ ಒರೆಸಿ ಕಾಯುತ್ತ ಕೂತಿದ್ದಳು. ಚಾಪೆಯ ಮೇಲೆ ಲ್ಯಾಪ್‌ಟಾಪ್ ಇಟ್ಟು ಒಂದೊಂದೇ ಫೋಟೋ ದೊಡ್ಡದು ಮಾಡಿ ತೋರಿಸಿದೆ. ಸೀರೆಯ ಬಣ್ಣ ನೋಡಿ ನೆನಪು ಮಾಡಿಕೊಳ್ಳುತ್ತಾಳೆ ಎಂದುಕೊಂಡಿದ್ದೆ. ಅವಳು ಬಣ್ಣದ ಕಡೆ ನೋಡಲೇ ಇಲ್ಲ.

"ಮೂಲಿ ತೋರ್ಸು" ಎಂದಳು.

ಮೂಲೆ ತೋರಿಸಿದೆ. ಅವಳ ಬೆರಳು ಪರದೆಯ ಮೇಲೆ ಹೊಲಿಗೆಯ ಸಾಲು ಹಿಡಿದು ಹೋಯಿತು. ನಮ್ಮಲ್ಲಿ ಕೌದಿಯ ಹೊಲಿಗೆ ಒಂದು ಮೂಲೆಯಲ್ಲಿ ಶುರುವಾಗಿ, ಅಂಚು ಹಿಡಿದು ಸುತ್ತಿ ಬಂದು, ಒಳಗಿನ ಸುತ್ತಿಗೆ ಇಳಿದು, ಹೀಗೆ ಸುತ್ತುತ್ತ ಸುತ್ತುತ್ತ ನಡುವಿಗೆ ಹೋಗಿ ಮುಗಿಯುತ್ತದೆ.

"ಇದು ನಂದಲ್ಲ. ಮುಂದ. ಇದು ನಂದು. ಇದೂ ನಂದು. ಇದು ಜಾಲಹಳ್ಳಿ ಮುದುಕಿದು, ಅಕಿ ಹೊಲಿಗಿ ಕೋಳಿ ಹೆಜ್ಜಿ ಇದ್ದಂಗ."

"ಹೆಂಗ ಗುರ್ತ ಹಿಡಿತೀ ಅತ್ತಿ?"

"ನಿನಗ ಕಾಣಸಲ್ಲೇನು? ಅವರೆಲ್ಲಾ ಗಡಿಯಾರದ ಮುಳ್ಳು ಹೋದಂಗ ಸುತ್ತಿ ಹೋಗ್ಯಾರ. ನಾ ಎಡಗೈಯಾಕಿ. ನಂದು ಉಲ್ಟಾ ಸುತ್ತಿ ಬರ್ತದ. ಮೂಲ್ಯಾಗ ಒಳಗ ಇಳಿಯೋ ಜಾಗ ನೋಡು."

ನೋಡಿದೆ. ಅಷ್ಟು ವರ್ಷ ಆ ಕೌದಿಗಳನ್ನು ಹಾಸಿ, ಹೊದ್ದು, ಒಗೆದು, ಫೋಟೋ ತೆಗೆದ ನನಗೆ ಅದು ಕಂಡಿರಲಿಲ್ಲ. ಒಮ್ಮೆ ಕಂಡ ಮೇಲೆ ಕಾಣದೆ ಇರಲು ಸಾಧ್ಯವೇ ಇರಲಿಲ್ಲ. ಅವಳ ಕೈ ಪ್ರತಿಯೊಂದರಲ್ಲೂ ಸಹಿ ಹಾಕಿ ಹೋಗಿತ್ತು.

ಅವಳು ತನ್ನದು ಎಂದ ಪ್ರತಿ ಬರಹಕ್ಕೂ ನಾನು ಅಲ್ಲೇ ಅವಳ ಹೆಸರಿನ ವರ್ಗಕ್ಕೆ ಗುರುತು ಹಾಕುತ್ತ ಹೋದೆ. ಮನೆಯ ವರ್ಗ ತೆಗೆಯಲಿಲ್ಲ. ಒಂದು ಬರಹ ಎರಡು ವರ್ಗದಲ್ಲಿ ಇರಬಹುದು. ಇಪ್ಪತ್ತೈದನೆಯ ಗುರುತು ಹಾಕಿದ್ದೇ ನಾನು "ಆತು ಅತ್ತಿ, ಲೆಕ್ಕ ಮುಗೀತು" ಎಂದು ಲ್ಯಾಪ್‌ಟಾಪ್ ಮುಚ್ಚಲು ಹೋದೆ. ಅತ್ತೆ ತಡೆದಳು. ಕೊನೆಯದರ ಮೂಲೆಯನ್ನು ಇನ್ನೊಮ್ಮೆ ತೋರಿಸು ಎಂದಳು. ರಾಯಚೂರು ಮನೆಯದು, ನಾನು ದಿನಾ ಹಾಸಿಕೊಳ್ಳುವ ನೀಲಿ ಕೌದಿ.

"ಇದು ನಂದಲ್ಲವ್ವಾ. ಆತುರದಾಗ ಹೂಂ ಅಂದೆ. ಇದು ನಿಮ್ಮವ್ವನ ಕೈ."

ನಾನು ಅದನ್ನು ಅತ್ತೆಯದೆಂದೇ ತಿಳಿದಿದ್ದೆ. ಅವ್ವ ತೀರಿ ಹನ್ನೊಂದು ವರ್ಷ. ಪರದೆಯ ಮೇಲೆ ಆ ಸಾಲನ್ನು ನಾನೂ ಬೆರಳಿಟ್ಟು ನೋಡಿದೆ. ಗಡಿಯಾರದ ಮುಳ್ಳಿನಂತೆ, ಸಣ್ಣ ಸಣ್ಣ, ಅವಸರವಿಲ್ಲದ ಹೊಲಿಗೆ.

"ಅತ್ತಿ, ಮ್ಯಾಡಮ್ಮಿಗೇನು ಗೊತ್ತಾಗತದ? ಇದೊಂದು ಇರ್ಲಿ ಬಿಡು" ಎಂದೆ. ಹೇಳಬಾರದಿತ್ತು.

ಅತ್ತೆ ನನ್ನ ಮುಖ ನೋಡಿದಳು. "ನನ್ನ ಹೆಸರು ಎಲ್ಲೂ ಇಲ್ಲಂತ ನೀ ನಿನ್ನಿ ಫೋನಿನಾಗ ಮರಗಿದಿ. ಇವತ್ತ ನಿಮ್ಮವ್ವನ ಹೆಸರು ತಗದು ನಂದು ಹಾಕಂತೀಯೇನು? ಅಳಸು ಅದನ್ನ."

ಅಳಿಸಿದೆ. ಇಪ್ಪತ್ತನಾಲ್ಕು ಉಳಿಯಿತು.

ಆಮೇಲೆ ಅತ್ತೆ ತಾನೇ ನೆನಪು ಮಾಡಿಕೊಂಡು ಹೇಳಿದಳು. ದೇವದುರ್ಗದಲ್ಲಿ, ನನ್ನ ಅಣ್ಣನ ಮನೆಯಲ್ಲಿ, ಇನ್ನೊಂದು ಇದೆ. ನಮ್ಮ ವೈನಿ, ಅಣ್ಣನ ಹೆಂಡತಿ, ಮೊದಲ ಬಾಣಂತನಕ್ಕೆ ಕೂತಾಗ ಹೊಲಿದುಕೊಟ್ಟದ್ದು. ವೈನಿ ಅದನ್ನು ಯಾರಿಗೂ ಹಾಸಲು ಕೊಟ್ಟಿಲ್ಲ, ಫೋಟೋಕ್ಕೂ ಕೊಟ್ಟಿಲ್ಲ. ಅಲಮಾರಿಯಲ್ಲಿಟ್ಟು ಕೀಲಿ ಹಾಕಿದ್ದಾಳೆ. "ಕೇಳಿ ನೋಡು. ನಿನ್ನ ಮಾತು ಅಕಿ ಕೇಳ್ತಾಳ" ಎಂದಳು ಅತ್ತೆ.

ಕೇಳಬಹುದಿತ್ತು. ಆದರೆ ಭಾನುವಾರ ಬೆಳಿಗ್ಗೆ ಏಳು ಗಂಟೆಗೆ, ನಾನು ಫೋನ್ ಮಾಡುವ ಮುಂಚೆಯೇ ವೈನಿಯ ಫೋನ್ ಬಂತು. ಗಂಡ ಎತ್ತಿ, ಕೇಳಿ, ನನ್ನ ಕೈಗೆ ಕೊಟ್ಟು ಅಡುಗೆಮನೆಗೆ ಹೋದರು. ಅಷ್ಟರಲ್ಲೇ ನನಗೆ ಅರ್ಥವಾಗಬೇಕಿತ್ತು.

"ಅಲ್ಲ, ನಮ್ಮ ಮನಿ ಹೆಸರು ಯಾಕ ತಗದಿ?"

"ನಾ ತಗದಿಲ್ರೀ ವೈನಿ."

"ನಾ ಕಣ್ಣಿಲೆ ನೋಡಾಕತ್ತೀನಿ. ದೇವದುರ್ಗದ ಮನಿ ಅಂತ ಇತ್ತಲ್ಲ ಮ್ಯಾಲ, ಈಗ ನಿಮ್ಮ ಅತ್ತಿ ಹೆಸರು ಬರಾಕತ್ತದ. ಸೀರಿ ನಮ್ದು, ನೂಲು ನಮ್ದು, ಹತ್ತು ದಿನ ಕುಂದ್ರಿಸಿ ಊಟ ಹಾಕಿದ್ದು ನಾವು. ಹೆಸರು ಅಕಿದೇನು? ಹಂಗಿದ್ರ ನಮ್ಮ ಫೋಟೋ ಅಷ್ಟೂ ತಗದುಬಿಡು."

ಫೋಟೋ ತೆಗೆದರೆ ಅತ್ತೆಯ ಇಪ್ಪತ್ತನಾಲ್ಕರಲ್ಲಿ ಒಂಬತ್ತು ಹೋಗುತ್ತವೆ. ಅಲಮಾರಿಯೊಳಗಿನ ಮಾತಂತೂ ಎತ್ತುವ ಹಾಗೇ ಇಲ್ಲ. "ಒಂದು ತಾಸು ಕೊಡ್ರಿ ವೈನಿ, ಆಮ್ಯಾಲ ನಾನ ಬರ್ತೀನಿ ನಿಮ್ಮ ಕಡಿ" ಎಂದು ಫೋನ್ ಇಟ್ಟೆ.

ಬ್ಲಾಗ್ ತೆಗೆದು ನೋಡಿದರೆ ವೈನಿ ಹೇಳಿದ್ದು ಸುಳ್ಳಲ್ಲ. ಎರಡು ವರ್ಗಕ್ಕೂ ಗುರುತು ಹಾಕಿದ್ದೆ. ಆದರೆ ಬರಹದ ನೆತ್ತಿಯ ಮೇಲೆ ಅತ್ತೆಯ ಹೆಸರೊಂದೇ ಇತ್ತು. ಮನೆಯ ಹೆಸರು ಮಾಯವಾಗಿತ್ತು. ನಾಲ್ಕು ವರ್ಷ ಎಲ್ಲ ಬರಹಗಳಿಗೂ ಒಂದೇ ವರ್ಗವಿದ್ದದ್ದರಿಂದ ಈ ಕೊರತೆ ಹೊರಗೆ ಬಂದಿರಲಿಲ್ಲ.

ಬರಹದ ಪುಟವನ್ನು ಕಟ್ಟುವ ಕೋಡಿನ ಫೈಲ್ ತೆಗೆದೆ. ಮೊದಲು ಅದರದೊಂದು ನಕಲು ಬೇರೆ ಇಟ್ಟೆ. ಪ್ರಿಂಟಿಂಗ್‌ನವರು ಮೂಲ ಪ್ರತಿ ಇಟ್ಟುಕೊಳ್ಳದೆ ತಿದ್ದುವುದಿಲ್ಲ. ಸಾಲು ಸಾಲಾಗಿ ಓದುತ್ತ ಇಳಿದೆ. ಇಲ್ಲಿ ಶೀರ್ಷಿಕೆ, ಇಲ್ಲಿ ಫೋಟೋ, ಇಲ್ಲಿ ತಾರೀಖು. ಅದರ ಕೆಳಗೆ ಸಿಕ್ಕಿತು. ಒಂದು ಸಾಲು, ಈ ಬರಹದ ವರ್ಗಗಳನ್ನೆಲ್ಲ ತಾ ಎನ್ನುತ್ತದೆ. ಪ್ರೋಗ್ರಾಮ್ ಎಲ್ಲವನ್ನೂ ತರುತ್ತದೆ, ಅಕಾರಾದಿಯಾಗಿ ಸಾಲುಗಟ್ಟಿಸಿ ನಿಲ್ಲಿಸುತ್ತದೆ. ಮುಂದಿನ ಸಾಲಿನಲ್ಲಿ, ಚೌಕದ ಬ್ರಾಕೆಟ್ಟಿನೊಳಗೆ, ಒಂದು ಸೊನ್ನೆ.

ಕೋಡಿನಲ್ಲಿ ಎಣಿಕೆ ಸೊನ್ನೆಯಿಂದ ಶುರುವಾಗುತ್ತದೆ. ಆ ಸೊನ್ನೆಯ ಅರ್ಥ, ಸಾಲಿನಲ್ಲಿ ಮೊದಲು ನಿಂತವರು ಮಾತ್ರ. ಉಳಿದವರು ಎಷ್ಟೇ ಜನ ಇರಲಿ, ಬಂದ ದಾರಿಗೆ ವಾಪಸ್. ಈ ವಿನ್ಯಾಸ ಬರೆದವರು ಯಾವ ಊರಿನವರೋ ಗೊತ್ತಿಲ್ಲ. ಒಂದು ವಸ್ತುವಿಗೆ ಒಂದೇ ಹೆಸರು ಸಾಕು ಎಂದು ಅವರೂ ನನ್ನ ಹಾಗೆಯೇ ಅಂದುಕೊಂಡಿದ್ದರು. ಅತ್ತೆಯ ಹೆಸರು ಅಕಾರಾದಿಯಲ್ಲಿ ಎಲ್ಲ ಮನೆಗಳಿಗಿಂತ ಮುಂದಿದ್ದರಿಂದ ಮನೆಗಳೆಲ್ಲ ಹಿಂದೆ ಸರಿದಿದ್ದವು. ಅವಳ ಹೆಸರು ಸಾಲಿನ ಕೊನೆಯ ಅಕ್ಷರದ್ದಾಗಿದ್ದರೆ ಅವಳೇ ಕಾಣಿಸುತ್ತಿರಲಿಲ್ಲ, ವೈನಿ ಫೋನ್ ಮಾಡುತ್ತಿರಲಿಲ್ಲ, ನನಗೆ ಇದು ತಿಳಿಯುತ್ತಲೂ ಇರಲಿಲ್ಲ.

ಆ ಸಾಲನ್ನು ತೆಗೆದು, ಬಂದವರನ್ನೆಲ್ಲ ಒಬ್ಬೊಬ್ಬರಾಗಿ ಕರೆದು ಹೆಸರು ಹೇಳಿಸು ಎಂಬ ಸಾಲುಗಳನ್ನು ಬರೆದೆ. ಒಂದು ಹೆಸರಿಗೂ ಇನ್ನೊಂದಕ್ಕೂ ನಡುವೆ ಅಲ್ಪವಿರಾಮ. ಉಳಿಸಿ ತೆಗೆದರೆ ಪುಟ ಪೂರ್ತಿ ಬೆಳ್ಳಗೆ. ನಕಲು ಇದೆಯಲ್ಲ ಎಂದು ಸಮಾಧಾನ ಮಾಡಿಕೊಂಡು ಪ್ರೂಫ್ ಓದುವ ಹಾಗೆ ಅಕ್ಷರ ಅಕ್ಷರ ಬೆರಳಿಟ್ಟು ಓದಿದೆ. ತೆರೆದ ಒಂದು ಸುರುಳಿ ಬ್ರಾಕೆಟ್ಟನ್ನು ಮುಚ್ಚಿರಲಿಲ್ಲ. ಮುಚ್ಚಿದೆ. ಪುಟ ಬಂತು. ನೆತ್ತಿಯ ಮೇಲೆ ಅತ್ತೆಯ ಹೆಸರು, ಅಲ್ಪವಿರಾಮ, ದೇವದುರ್ಗದ ಮನೆ.

ಗಂಡ ಹಿಂದೆ ಬಂದು ನಿಂತಿದ್ದು ಗೊತ್ತಾಗಿರಲಿಲ್ಲ. "ನಮ್ಮ ಡಿಪೋದಾಗ ಬಸ್ಸಿನ ಬೋರ್ಡಿಗೆ ಹೋಗೋ ಊರಷ್ಟ ಅಲ್ಲ, ನಡುವ ಬರೋ ಊರೂ ಬರೀತಾರ. ನೀ ಈಗ ಆ ಕೆಲಸ ಮಾಡಿದಿ ನೋಡು" ಎಂದರು. ಅವರ ಬಾಯಿಂದ ಅದು ದೊಡ್ಡ ಹೊಗಳಿಕೆ. ವಹಿಯಲ್ಲಿ ಬರೆದಿಟ್ಟಿದ್ದೇನೆ.

ಹತ್ತರ ಬಸ್ಸಿಗೆ ದೇವದುರ್ಗಕ್ಕೆ ಹೊರಟೆ. ವೈನಿ ಬಾಗಿಲಲ್ಲೇ ಇದ್ದಳು. "ಬಾ" ಎಂದಳು, ಆದರೆ ಚೊಂಬಿನಲ್ಲಿ ನೀರು ಕೊಡುವಾಗ ಮುಖ ಬೇರೆ ಕಡೆ. ನಾನು ಫೋನ್ ತೆಗೆದು ಅವಳ ಕೈಗಿಟ್ಟೆ. ಅವಳು ಕಣ್ಣು ಸಣ್ಣದು ಮಾಡಿ ಓದಿದಳು.

"ಅಕಿದು ಮೊದಲ, ನಮ್ದು ಆಮ್ಯಾಲ ಏನು?"

"ಅಕ್ಷರದ ಸಾಲ್ರೀ ವೈನಿ ಅದು. ನಾ ಇಟ್ಟದ್ದಲ್ಲ."

"ಎರಡು ಹೆಸರು ಹಾಕಾಕ ಬರ್ತದಂತ ಮೊದಲ ಯಾಕ ಹೇಳಲಿಲ್ಲ?"

"ನನಗೂ ಮುಂಜಾನೀನ ಗೊತ್ತಾತು."

ಅವಳು ಒಂದೊಂದೇ ಬರಹ ತೆಗೆದು ನೋಡಿದಳು. ಎಲ್ಲದರಲ್ಲೂ ಮನೆಯ ಹೆಸರು ಇದ್ದುದನ್ನು ಖಾತ್ರಿ ಮಾಡಿಕೊಂಡಳು. ಆಮೇಲೆ ಫೋನಿನಿಂದ ಕಣ್ಣೆತ್ತದೆ ಕೇಳಿದಳು: "ಮೂರು ಹಾಕಾಕ ಬರ್ತದೇನು?"

"ಬರ್ತದ. ಯಾಕ್ರೀ?"

ಅವಳು ಎದ್ದು ಒಳಗೆ ಹೋದಳು. ಅಲಮಾರಿಯ ಕೀಲಿಯ ಸದ್ದು ಕೇಳಿಸಿತು. ಬಿಳಿ ಬಟ್ಟೆಯಲ್ಲಿ ಸುತ್ತಿದ ಕೌದಿ ತಂದು ಮಂಚದ ಮೇಲೆ ಹರಡಿದಳು. ನಡುವೆ ಹಳದಿ ಇಳಕಲ್ ಸೀರೆಯ ಒಂದು ಅಗಲ ತುಣುಕು. ಒಂದು ಕಲೆ ಇಲ್ಲ, ಒಂದು ನೂಲು ಎದ್ದಿಲ್ಲ.

"ಇದು ನಮ್ಮವ್ವನ ಸೀರಿ. ಮಸರಕಲ್ಲಾಗ ಅಕಿ ಲಗ್ನದಾಗ ಉಟ್ಟಿದ್ದು. ಈ ಮನ್ಯಾಗ ಹೊಲಸಿದ್ರ ದೇವದುರ್ಗದ ಕೌದಿ ಅಂತಾರ, ನಮ್ಮವ್ವನ ಊರ ಹೆಸರು ಹೋಗತದಂತ ನಾ ಯಾರಿಗೂ ತೋರಸಿಲ್ಲ. ಇಪ್ಪತ್ತೇಳು ವರ್ಷ ಆತು." ಕೈಯಿಂದ ಒಮ್ಮೆ ಸವರಿ, ಎಂದಿನ ದನಿಗೆ ಬಂದಳು. "ಮಸರಕಲ್ ಮನಿ ಅಂತ ಒಂದು ಮಾಡು. ನಮ್ಮ ಮನೀದೂ ಇರ್ಲಿ. ಹೊಲದಾಕಿ ಹೆಸರೂ ಇರ್ಲಿ, ಮೊದಲ ಬಂದ್ರ ಬರ್ಲಿ ಬಿಡು."

ನಾನು ಮೊದಲು ಮೂಲೆ ನೋಡಿದೆ. ಸಾಲು ಉಲ್ಟಾ ಸುತ್ತಿ ಒಳಗೆ ಇಳಿದಿತ್ತು.

ಅಂಗಳದ ಬಿಸಿಲಿಗೆ ಮಂಚ ಎಳೆದು ಫೋಟೋ ತೆಗೆದೆವು. ವೈನಿ ಅಂಚು ಹಿಡಿದು ಸರಿ ಮಾಡುತ್ತ, ಹೀಗೆ ತೆಗಿ, ಹಾಗೆ ತೆಗಿ ಎಂದು ಹೇಳುತ್ತಿದ್ದಳು. ಅವಳು ಹೇಳುತ್ತ ಹೋದಂತೆ ಬರಹವನ್ನು ಅಲ್ಲೇ ಬರೆದೆ. ನೆತ್ತಿಯ ಮೇಲೆ ಮೂರು ಹೆಸರು ಕಾಣಿಸಿದಾಗ ಅವಳು ತನ್ನ ಫೋನಿನಲ್ಲೂ ತೆಗೆದು ನೋಡಿದಳು, ಅಣ್ಣನ ಫೋನಿನಲ್ಲೂ ನೋಡಿದಳು. ಊಟಕ್ಕೆ ಕೂತಾಗ ಒಲೆಯಿಂದ ಮೊದಲು ಬಂದ ರೊಟ್ಟಿಗೆ ಬೆಣ್ಣೆ ಹಚ್ಚಿ ನನ್ನ ತಟ್ಟೆಗೆ ಹಾಕಿದಳು.

ಸೋಮವಾರ ಹನ್ನೊಂದಕ್ಕೆ ಹತ್ತು ನಿಮಿಷ ಮುಂಚೆ ಅತ್ತೆ, ನಾನು ಸೆಂಟರಿನ ಬೆಂಚಿನ ಮೇಲೆ ಕೂತಿದ್ದೆವು. ಅತ್ತೆ ಹೊಸ ಸೀರೆ ಉಟ್ಟಿದ್ದಳು. ಎಡಗೈಯನ್ನು ಸೆರಗಿನೊಳಗೆ ಇಟ್ಟುಕೊಂಡಿದ್ದಳು. ಹೊಸಬರ ಮುಂದೆ ಅವಳ ಅಭ್ಯಾಸ ಅದು.

ಮ್ಯಾಡಮ್ ನಮಗಿಂತ ಚಿಕ್ಕವರು. ತಮ್ಮ ಕಂಪ್ಯೂಟರಿನಲ್ಲಿ ಬ್ಲಾಗ್ ತೆಗೆದರು. ನಾನು ಅತ್ತೆಯ ಹೆಸರಿನ ಮೇಲೆ ಒತ್ತಲು ಹೇಳಿದೆ. ಪುಟ ತೆರೆಯಿತು. ಒಂದರ ಕೆಳಗೊಂದು ಕೌದಿಗಳು ಬಂದು ನಿಂತವು. ಅತ್ತೆ ಅವನ್ನು ಒಟ್ಟಾಗಿ ಎಂದೂ ನೋಡಿರಲಿಲ್ಲ. ನಲವತ್ತು ವರ್ಷಗಳಲ್ಲಿ ಬೇರೆ ಬೇರೆ ಮನೆಗಳಿಗೆ ಹಂಚಿಹೋದದ್ದು ಒಂದೇ ಕಡೆ ಸೇರಿದ್ದು ಅವತ್ತೇ ಮೊದಲು. ಮ್ಯಾಡಮ್ ಬೆರಳು ಮಡಚಿ ಎಣಿಸುತ್ತಿದ್ದರೆ ಅತ್ತೆ ಎಣಿಸುವುದನ್ನು ಬಿಟ್ಟು ನೋಡುತ್ತ ಕೂತಳು.

"ಇಪ್ಪತ್ತೈದು ಅದಾವ್ರೀ ಅಮ್ಮಾ" ಎಂದರು ಮ್ಯಾಡಮ್. "ಆದ್ರ ಒಂದು ಕೇಳ್ತೀನಿ, ಬ್ಯಾಸರ ಮಾಡ್ಕೋಬ್ಯಾಡ್ರಿ. ಇವೆಲ್ಲಾ ನಿಮ್ಮ ಕೈವೇ ಅನ್ನೋದಕ್ಕ ಏನು ಗುರ್ತು?"

ಹೆಸರು ಬರೆದವಳು ನಾನು; ನಾನೇ ಸಾಕ್ಷಿ ಎಂದರೆ ಅವರು ನಂಬಬೇಕೆಂದಿಲ್ಲ. ನಾನು ಬಾಯಿ ತೆರೆಯುವ ಮುಂಚೆ ಅತ್ತೆ ಸೆರಗಿನೊಳಗಿನಿಂದ ಎಡಗೈ ಹೊರಗೆ ತೆಗೆದಳು. ಪರದೆಯ ಮೇಲೆ ಮೂಲೆಗೆ ಬೆರಳಿಟ್ಟಳು. "ಇಲ್ಲಿ ನೋಡ್ರಿ. ಎಲ್ಲಾರೂ ಹಿಂಗ ಹೋಗ್ತಾರ, ನಾ ಹಿಂಗ ಬರ್ತೀನಿ. ಯಾವುದಾರ ತಗೀರಿ." ಮ್ಯಾಡಮ್ ಒಂದನ್ನು ತೆಗೆದರು. ಇನ್ನೊಂದನ್ನು ತೆಗೆದರು. ಕೊನೆಗೆ ಬೇಕೆಂದೇ ಬೇರೆಯವರ ಕೌದಿಯೊಂದನ್ನು ಹುಡುಕಿ ತೆಗೆದರು. ಅದು ನೀಲಿ ಕೌದಿ. ಅತ್ತೆ ನೋಡಿದ್ದೇ ತಡ, "ಅದು ನಂದಲ್ಲ, ಇಕಿ ಅವ್ವಂದು" ಎಂದಳು.

ಮ್ಯಾಡಮ್ ನಕ್ಕರು. ಡ್ರಾಯರಿನಿಂದ ಒಂದು ಅರ್ಜಿ ತೆಗೆದು ಅತ್ತೆಯ ಮುಂದಿಟ್ಟು, ಹೆಸರು ಬರೆಯಲು ಪೆನ್ನು ಕೊಟ್ಟರು. ಅತ್ತೆ ಅದನ್ನು ಎಡಗೈಯಲ್ಲಿ ಹಿಡಿದಳು. ನಿಧಾನವಾಗಿ, ಹೊಲಿಗೆ ಹಾಕುವಷ್ಟೇ ನಿಧಾನವಾಗಿ ಬರೆದಳು. ಯಾರೂ ಏನೂ ಅನ್ನಲಿಲ್ಲ.

ಈಗ ಅವಳು ಸೋಮವಾರ, ಬುಧವಾರ ಮಾನ್ವಿಯಿಂದ ಬರುತ್ತಾಳೆ. ಊಟಕ್ಕೆ ನಮ್ಮ ಮನೆ. ಮೊದಲ ದಿನ ನಾನೂ ಹೋಗಿ ಹಿಂದೆ ನಿಂತಿದ್ದೆ. ಕಲಿಯಲು ಬಂದ ಹೆಂಗಸರೆಲ್ಲ ಬಲಗೈಯವರು, ಇವಳು ಎಡಗೈಯವಳು. ಹೇಗೆ ಕಲಿಸುತ್ತಾಳೋ ಎಂಬ ಅಳುಕು ನನಗಿತ್ತು. ಅವಳು ಕುರ್ಚಿಯ ಮೇಲೆ ಐದು ನಿಮಿಷ ಕೂತಳು, ಕೂತದ್ದು ಎಲ್ಲರಿಗೂ ಕಾಣಿಸಿತು ಎಂದಾದ ಮೇಲೆ ಎದ್ದು ಚಾಪೆಗೆ ಇಳಿದಳು. "ಮಗ್ಗಲಾಗ ಕುಂದ್ರಬ್ಯಾಡ್ರಿ, ಎದುರಿಗೆ ಬರ್ರಿ. ಕನ್ನಡಿ ನೋಡ್ದಂಗ ನೋಡ್ರಿ" ಎಂದಳು. ಅವರು ಎದುರಿಗೆ ಕೂತರು. ಅವಳ ಎಡಗೈ ಹೋದ ಹಾಗೆ ಅವರ ಬಲಗೈ ಹೋಯಿತು.

ಅವರು ಮುಗಿಸಿದ ಕೌದಿಗಳು ಒಂದೊಂದಾಗಿ ಬ್ಲಾಗಿಗೆ ಬರುತ್ತಿವೆ. ಸೀರೆ ಕೊಟ್ಟ ಮನೆಯ ಹೆಸರು, ಹೊಲಿದವಳ ಹೆಸರು, ಎರಡೂ ಇಲ್ಲದೆ ನಾನು ಒಂದನ್ನೂ ಹಾಕುವುದಿಲ್ಲ. ಹಳೆಯವನ್ನೂ ತೆಗೆದು ತಿದ್ದುತ್ತಿದ್ದೇನೆ. ಮೊದಲು ತಿದ್ದಿದ್ದು ನೀಲಿ ಕೌದಿಯ ಬರಹ. ಅದರ ನೆತ್ತಿಯ ಮೇಲೆ ಈಗ ರಾಯಚೂರು ಮನೆಯ ಪಕ್ಕದಲ್ಲಿ ಅವ್ವನ ಹೆಸರಿದೆ. ಆ ವರ್ಗದಲ್ಲಿ ಸದ್ಯಕ್ಕೆ ಅದೊಂದೇ ಬರಹ. ಆದರೂ ಪಟ್ಟಿಯಲ್ಲಿ ಕಾಣುತ್ತದೆ.